ಎಂಟು ಕಿಲೋಬೈಟಿನ ಎರಡು ಪೆಟ್ಟಿಗೆಗಳು

1989ರ ಮಾರ್ಚ್ 15ರಂದು ಜನಪ್ರತಿನಿಧಿ ಕಾಯ್ದೆಗೆ ಸೇರಿಸಿದ 61ಎ ಕಲಂ ಜಾರಿಗೆ ಬಂತು. ಮತಪತ್ರದ ಬದಲು ಯಂತ್ರದ ಗುಂಡಿ ಒತ್ತಿ ಮತ ಹಾಕಲು ಅದು ದಾರಿ ತೆರೆಯಿತು. ಐದು ವಾರ ಕಳೆದು, ಏಪ್ರಿಲ್ 21ರಂದು, ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಮಾರಾಟಕ್ಕೆ ಬಂತು. ಒಂದು ಚುನಾವಣೆಯ ಸಾಧನ, ಇನ್ನೊಂದು ಮಕ್ಕಳ ಆಟದ ಸಾಮಾನು. ಆದರೂ ಎರಡಕ್ಕೂ ಇದ್ದ ಕಟ್ಟುಪಾಡು ಒಂದೇ: ಬ್ಯಾಟರಿ ಬಾಳಬೇಕು, ಇರುವಷ್ಟು ಮೆಮೊರಿಯಲ್ಲೇ ಕೆಲಸ ಮುಗಿಯಬೇಕು.

ಗೇಮ್ ಬಾಯ್‌ನ ಪ್ರೊಸೆಸರಿನ ವೇಗ 4.19 ಮೆಗಾಹರ್ಟ್ಸ್. ಕೆಲಸಕ್ಕೆ 8 ಕಿಲೋಬೈಟ್ ಮೆಮೊರಿ, ಪರದೆಯ ಚಿತ್ರಕ್ಕೆ ಇನ್ನೊಂದು 8. ಬಣ್ಣವಿಲ್ಲ, ನಾಲ್ಕೇ ಛಾಯೆ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು; ಆದರೆ ಆರು ಸೆಲ್ ಹಾಕಿದರೂ ನಾಲ್ಕೈದು ಗಂಟೆಗೆ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮಿಕ್ಕಿ ಓಡುತ್ತಿತ್ತು. ಹಳತಾಗಿ ಅಗ್ಗವಾದ ತಂತ್ರಜ್ಞಾನಕ್ಕೆ ಹೊಸ ಬಳಕೆ ಹುಡುಕಬೇಕೆಂಬುದು ಅದರ ರೂವಾರಿ ಗುಂಪೇ ಯೊಕೊಯಿಯ ನಂಬಿಕೆ.

ಮತಯಂತ್ರದ ಕಥೆ ಶುರುವಾಗುವುದು ಹೈದರಾಬಾದಿನ ಕುಷಾಯಿಗೂಡದ ಮಗ್ಗುಲಲ್ಲಿ. ಅಲ್ಲಿರುವ ಇಸಿಐಎಲ್ 1967ರಲ್ಲಿ ಅಣುಶಕ್ತಿ ಇಲಾಖೆಯಡಿ ಹುಟ್ಟಿದ ಸಂಸ್ಥೆ. ಟಿಡಿಸಿ ಸರಣಿಯ ಕಂಪ್ಯೂಟರುಗಳನ್ನು ಕಟ್ಟಿದ್ದೂ ಅದೇ. 1977ರಲ್ಲಿ ಚುನಾವಣಾ ಆಯೋಗ ಮತಯಂತ್ರದ ಕೆಲಸ ಒಪ್ಪಿಸಿತು. 1979ರಲ್ಲಿ ಮೊದಲ ಮಾದರಿ ಸಿದ್ಧವಾಯಿತು, 1980ರ ಆಗಸ್ಟ್ 6ರಂದು ಪಕ್ಷಗಳ ಪ್ರತಿನಿಧಿಗಳೆದುರು ಅದರ ಪ್ರದರ್ಶನ ನಡೆಯಿತು. ಬೆಂಗಳೂರಿನ ಬಿಇಎಲ್ ಕೂಡ ಜೊತೆಗೂಡಿತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಿದ್ದಾಯಿತು. ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ಅಸಿಂಧುಗೊಳಿಸಿತು. 61ಎ ಕಲಂ ಹುಟ್ಟಿದ್ದು ಆ ಕೊರತೆ ತುಂಬಲು.

ಇಸಿಐಎಲ್ 2003ರಲ್ಲಿ ತಯಾರಿಸಿದ ಒಂದು ಯಂತ್ರವನ್ನು ಸಂಶೋಧಕರು ಬಿಚ್ಚಿ ನೋಡಿದಾಗ ಮತಗಳಿಗೆಂದು ಇದ್ದದ್ದು ಎರಡು ಚಿಪ್, ತಲಾ 8 ಕಿಲೋಬೈಟ್, ಅಂದರೆ 8192 ಬೈಟ್. ಒಂದು ಮತಕ್ಕೆ ಒಂದು ಬೈಟ್. ಪ್ರತಿ ಚಿಪ್ಪಿನಲ್ಲೂ ಎರಡೆರಡು ಪ್ರತಿ. ಆ ಯಂತ್ರದ ಗರಿಷ್ಠ ಮಿತಿ 3840 ಮತ. ಇಮ್ಮಡಿಸಿದರೆ 7680 ಬೈಟ್. ಉಳಿಯುವುದು 512. ಮತಗಟ್ಟೆಯೊಂದರಲ್ಲಿ ಮತದಾರರು ಸಾಮಾನ್ಯವಾಗಿ 1500 ಮೀರದ ಕಾಲದಲ್ಲಿ ಇಷ್ಟು ಧಾರಾಳವಾಗಿ ಸಾಕು. ನಿಂಟೆಂಡೊದ 2001ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಕೆಲಸದ ಮೆಮೊರಿ 288 ಕಿಲೋಬೈಟಿಗೆ ಏರಿತ್ತು. ಆಟಕ್ಕೆ ಹೆಚ್ಚು ಬೇಕಾಯಿತು, ಎಣಿಕೆಗೆ ಬೇಕಾಗಲಿಲ್ಲ.

ತೊಡಕು ಬಂದದ್ದು ಗುಂಡಿಗಳಲ್ಲಿ. ಹಳೆಯ ಯಂತ್ರಕ್ಕೆ 16 ಗುಂಡಿಗಳ ನಾಲ್ಕು ಘಟಕ ಜೋಡಿಸಬಹುದಿತ್ತು, ಒಟ್ಟು 64. ಆದರೆ 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕಣದಲ್ಲಿದ್ದವರೇ 456 ಮಂದಿ, ನಲ್ಗೊಂಡದಲ್ಲಿ 480. ಅಲ್ಲಿ ನಡೆದದ್ದು ಕಾಗದದ ಮತದಾನ. ಹೆಚ್ಚು ಜನ ನಿಲ್ಲುವುದೇ ಪ್ರತಿಭಟನೆಯ ದಾರಿಯಾದಾಗ ಯಂತ್ರದ ಮಿತಿ ರಾಜಕೀಯ ಪ್ರಶ್ನೆಯೂ ಆಗುತ್ತದೆ. 2019ರಲ್ಲಿ ನಿಜಾಮಾಬಾದಿನಲ್ಲಿ ಅರಿಶಿನ, ಜೋಳ ಬೆಳೆಯುವ ರೈತರು ನಾಮಪತ್ರ ಹಾಕಿ ಅಭ್ಯರ್ಥಿಗಳ ಸಂಖ್ಯೆ 185 ಆಯಿತು. ಹೊಸ ಪೀಳಿಗೆಯ ಯಂತ್ರಕ್ಕೆ 12 ಘಟಕ ಜೋಡಿಸಿ ಮತದಾನ ನಡೆಸಲಾಯಿತು.

ಯಂತ್ರ ಚಿಕ್ಕದಾದ ಮಾತ್ರಕ್ಕೆ ನಂಬಿಕೆ ತಾನಾಗಿ ಬರುವುದಿಲ್ಲ. 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್ ಮತ್ತು ಜೊತೆಗಾರರು 2003ರ ಅದೇ ಯಂತ್ರದ ಫಲಿತಾಂಶದ ಫಲಕವನ್ನೇ ಬದಲಿಸಿ, ಮೆಮೊರಿ ಚಿಪ್ಪಿಗೆ ಸಾಧನ ಸಿಕ್ಕಿಸಿ ಲೆಕ್ಕ ತಿರುಚಬಹುದೆಂದು ತೋರಿಸಿದರು. ಮೊಹರು, ಕಾವಲು ಇರುವಾಗ ಇದು ಸಾಧ್ಯವಿಲ್ಲವೆಂದಿತು ಆಯೋಗ. 2013ರಲ್ಲಿ ಸುಪ್ರೀಂ ಕೋರ್ಟ್ ಮತಖಾತರಿ ಚೀಟಿಯನ್ನು ಹಂತಹಂತವಾಗಿ ತರಲು ಹೇಳಿತು.

ಆಟ ತಪ್ಪಿದರೆ ಸೆಲ್ ಕಿತ್ತು ಮತ್ತೆ ಹಾಕಿದರಾಯಿತು. ಮತ ಮತ್ತೊಮ್ಮೆ ಶುರುವಾಗುವ ಆಟವಲ್ಲ. ಹಾಗಾಗಿ ಇವತ್ತು ಮತ ಹಾಕಿದವರು ಏಳು ಸೆಕೆಂಡು ನಿಂತು, ಗಾಜಿನ ಹಿಂದಿನ ಕಾಗದದ ಚೀಟಿಯನ್ನು ನೋಡಿ ಹೊರಬರುತ್ತಾರೆ.