ಮೆಟ್ರಿಕ್ಕಿನಿಂದ ಮರುಮೌಲ್ಯಮಾಪನದವರೆಗೆ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. "ನಾಲ್ಕು ಮಾರ್ಕಿನಲ್ಲಿ ಸೀಟು ತಪ್ಪುತ್ತದೆ, ಅಪ್ಪಯ್ಯ, ಅರ್ಜಿ ಹಾಕೋಣ" ಎಂದು ಮಗಳು ಕೇಳುತ್ತಾಳೆ. "ಮಾಸ್ತರರು ತಿದ್ದಿದ್ದನ್ನು ಪ್ರಶ್ನಿಸುವುದು ಸರಿಯೆ?" ಎಂದು ತಂದೆ ಹಿಂಜರಿಯುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ತನ್ನ ಉತ್ತರ ಪತ್ರಿಕೆಯನ್ನು ತಾನೇ ನೋಡುವ ಅಧಿಕಾರ ವಿದ್ಯಾರ್ಥಿಗೆ ಬಂದುದು ಇತ್ತೀಚೆಗೆ ಎಂಬುದನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು.

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯವು 1859ರಲ್ಲಿ ತನ್ನ ಮೊದಲ ಪ್ರವೇಶ ಪರೀಕ್ಷೆಯನ್ನು, ಎಂದರೆ ಮೆಟ್ರಿಕ್ಯುಲೇಷನ್ನನ್ನು ನಡೆಸಿತು. ಅದರಲ್ಲಿ ತೇರ್ಗಡೆಯಾದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ರಾಮಕೃಷ್ಣ ಗೋಪಾಲ ಭಾಂಡಾರಕರರೂ ಇದ್ದರು. ಆಗ ನಮ್ಮ ಸೀಮೆ ಮದರಾಸು ಆಧಿಪತ್ಯದಲ್ಲಿತ್ತು. 1862ರಲ್ಲಿ ಮುಂಬಯಿಗೆ ಸೇರಿತು. ಅಲ್ಲಿಂದ ಮುಂದೆ ಎಂಬತ್ತಕ್ಕೂ ಹೆಚ್ಚು ವರ್ಷ, ಘಟ್ಟದ ಮೇಲಿನ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ ಮೆಟ್ರಿಕ್ಕನ್ನು ದಾಟಲೇಬೇಕಾಗಿತ್ತು. ಬರೆದುಕೊಟ್ಟ ಪತ್ರಿಕೆಯನ್ನು ಅವನು ಮತ್ತೆ ಕಾಣುತ್ತಿರಲಿಲ್ಲ. ನಪಾಸಾದವನು ಮರುವರ್ಷ ಮತ್ತೆ ಕಟ್ಟುತ್ತಿದ್ದ. ಇಲ್ಲವೆ ಅಡಕೆ ತೋಟಕ್ಕೆ ಮರಳುತ್ತಿದ್ದ.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿಸಿದ ವ್ಯಾಜ್ಯ ಹುಟ್ಟಿದ್ದು ಮಹಾರಾಷ್ಟ್ರದಲ್ಲಿಯೇ. ಅಲ್ಲಿಯ ಪರೀಕ್ಷಾ ಮಂಡಲಿಯ ಆಗಿನ ನಿಯಮದಂತೆ ಅಂಕಗಳ ಮೊತ್ತವನ್ನು ಮತ್ತೆ ಕೂಡಿಸಿ ನೋಡಬಹುದಾಗಿತ್ತು, ತಿದ್ದದೆ ಬಿಟ್ಟ ಉತ್ತರವಿದೆಯೇ ಎಂದು ಪರಿಶೀಲಿಸಬಹುದಾಗಿತ್ತು. ಮರುಮೌಲ್ಯಮಾಪನಕ್ಕೆ ಮಾತ್ರ ಅವಕಾಶವಿರಲಿಲ್ಲ. ಮುಂಬಯಿ ಹೈಕೋರ್ಟು ಈ ನಿರ್ಬಂಧವನ್ನು ಒಪ್ಪಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟು ಮಂಡಲಿಯ ನಿಯಮವನ್ನೇ ಎತ್ತಿಹಿಡಿಯಿತು. ಪರೀಕ್ಷೆಯ ಫಲಕ್ಕೆ ಎಲ್ಲಿಯಾದರೂ ಒಂದು ಕೊನೆ ಬೇಕು ಎಂಬುದು ಅದರ ತಾತ್ಪರ್ಯ.

ಈ ಭೇದವನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿರಸಿಯ ಅಡಕೆ ಪೇಟೆಯಲ್ಲಿ ತೂಕ ಬೇರೆ, ದರ್ಜೆ ಬೇರೆ. ತೂಕದಲ್ಲಿ ಸಂಶಯ ಬಂದರೆ ಮತ್ತೊಮ್ಮೆ ತೂಗಿಸಬಹುದು. ಯಾರು ತೂಗಿದರೂ ಅಷ್ಟೇ ಬರಬೇಕು. ಆದರೆ ಒಂದು ರಾಶಿಯ ಗುಣವನ್ನು ಇಬ್ಬರು ವ್ಯಾಪಾರಿಗಳು ಒಂದೇ ರೀತಿ ಅಳೆಯುವುದಿಲ್ಲ. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಮರುಎಣಿಕೆ ತೂಕದ ಮಾತು, ಮರುಮೌಲ್ಯಮಾಪನ ದರ್ಜೆಯ ಮಾತು. ಗಣಿತದ ಲೆಕ್ಕ ತೂಕಕ್ಕೆ ಹತ್ತಿರ. ನಾವು ಕಲಿಸುವ ಕನ್ನಡದ ಪ್ರಬಂಧ ದರ್ಜೆಗೆ ಹತ್ತಿರ.

2011ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯಿದೆಯಂತೆ ವಿದ್ಯಾರ್ಥಿಗಿದೆ ಎಂದು ಸಾರಿತು. ನಮ್ಮ ಪದವಿಪೂರ್ವ ಪರೀಕ್ಷೆಯಲ್ಲಿ 2024ರಲ್ಲಿ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಶುಲ್ಕವಿತ್ತು, ಮರುಎಣಿಕೆಗೆ ಶುಲ್ಕವಿರಲಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿಯದು ಅರ್ಧ, ಪದವಿಪೂರ್ವ ಅಂಕಗಳದು ಅರ್ಧ. ಆದುದರಿಂದ ಮಗಳು ಹೇಳಿದ ನಾಲ್ಕು ಅಂಕ ಅಲ್ಪವೇನಲ್ಲ.

ಯಂತ್ರವೇ ತಿದ್ದುವ ಪರೀಕ್ಷೆಯಲ್ಲಿ ಜಗಳವಿಲ್ಲವೆಂದು ತಿಳಿಯಬೇಡಿ. 2021ರಲ್ಲಿ ಕೊರೋನಾದ ಕಾರಣ ಪದವಿಪೂರ್ವ ಪರೀಕ್ಷೆ ನಡೆಯದೆ, ಸಿಇಟಿ ಅಂಕಗಳಿಂದಲೇ ರ‍್ಯಾಂಕು ಕೊಟ್ಟರು. ಆ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪದವಿಪೂರ್ವ ಅಂಕಗಳನ್ನು ಪರೀಕ್ಷಾ ಪ್ರಾಧಿಕಾರ ಗಣನೆಗೆ ತೆಗೆದುಕೊಳ್ಳಲಿಲ್ಲ. ರಾಜ್ಯದ ಹೈಕೋರ್ಟು ಸೆಪ್ಟೆಂಬರಿನಲ್ಲಿ ಪಟ್ಟಿಯನ್ನು ಹೊಸದಾಗಿ ಮಾಡಲು ಹೇಳಿತು. ಮೇಲ್ಮನವಿಯಲ್ಲಿ ಒಂದು ಮಧ್ಯಮಾರ್ಗ ಸಿಕ್ಕಿತು. 2024ರ ನೀಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಎಣಿಸಿದ್ದರು. ದಿಲ್ಲಿಯ ಐಐಟಿಯ ತಜ್ಞರು ಒಂದೇ ಸರಿಯೆಂದು ತಿಳಿಸಿದ ಮೇಲೆ, 720ಕ್ಕೆ 720 ಪಡೆದಿದ್ದ 61 ಜನರಲ್ಲಿ 17 ಜನರು ಮಾತ್ರ ಉಳಿದರು. ಒಬ್ಬರಿಗೆ ನ್ಯಾಯವಾದಾಗ ಇನ್ನೊಬ್ಬರ ಸ್ಥಾನ ಕದಲುತ್ತದೆ. ತಪ್ಪು ಲೆಕ್ಕವನ್ನು ಹಾಗೆಯೇ ಬಿಡಲು ಇದು ಕಾರಣವಾಗಲಾರದು.

ಹಾಗಾದರೆ ಮಗಳೇನು ಮಾಡಬೇಕು? ಮೊದಲು ಪ್ರತಿಯನ್ನು ತರಿಸಲಿ. ಪ್ರಕಟವಾದ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು, ತನ್ನ ಅಧ್ಯಾಪಕರೊಡನೆ ಕುಳಿತು, ಬೇರೆ ಯಾರದೋ ಪತ್ರಿಕೆಯೆಂಬಂತೆ ಓದಲಿ. ಕೂಡಿಸುವುದರಲ್ಲಿ ತಪ್ಪಿದ್ದರೆ, ಉತ್ತರವೊಂದು ಕಣ್ತಪ್ಪಿದ್ದರೆ, ಸರಿಯಾದ ಹೆಜ್ಜೆಗಳಿಗೆ ಅಂಕ ಬಂದಿರದಿದ್ದರೆ ಅರ್ಜಿ ಹಾಕಲಿ. ಇನ್ನೂ ಸ್ವಲ್ಪ ಉದಾರವಾಗಿ ಕೊಡಬಹುದಿತ್ತು ಎಂಬುದಷ್ಟೇ ದೂರಾದರೆ ಆ 1,670 ರೂಪಾಯಿ ಮನೆಯಲ್ಲಿಯೇ ಇರಲಿ.

ತಂದೆಗೂ ಒಂದು ಮಾತು. ದಿನಕ್ಕೆ ಹತ್ತಾರು ಪತ್ರಿಕೆಗಳನ್ನು ತಿದ್ದುವವನ ಕಣ್ಣೂ ಬಳಲುತ್ತದೆ. ಇನ್ನೊಮ್ಮೆ ತೂಗಿರೆಂದರೆ ಪೇಟೆಯಲ್ಲಿ ಯಾರೂ ಮುನಿಯುವುದಿಲ್ಲ, ಮಾಸ್ತರರೂ ಮುನಿಯಬೇಕಾಗಿಲ್ಲ. ಅರ್ಜಿಗೆ ಕೊಟ್ಟಿರುವ ದಿನಗಳು ಮಾತ್ರ ಕೆಲವೇ. ಹಿಂಜರಿಕೆಯಲ್ಲಿ ಅವು ಕಳೆದುಹೋಗದಿರಲಿ.