ಪಹಣಿ ಮತ್ತು ಪಂಚನಾಮೆ: ಕನ್ನಡದಲ್ಲಿ ಹಳ್ಳಿಯ ಕೊಲೆ ರಹಸ್ಯಕಥನದ ಚರಿತ್ರೆ

ಭೂಮಿಯ ಒಡೆತನ, ಅಭಿವೃದ್ಧಿಯ ಹೆಸರಿನಲ್ಲಿ ಹರಿದುಬರುವ ಹಣ, ಸ್ಥಳೀಯ ಅಧಿಕಾರಸ್ಥರ ಲಂಚ: ಈ ಮೂರರ ನಡುವೆ ನಡೆಯುವ ನಿಗೂಢ ಸಾವಿನ ಕಥನ ಕನ್ನಡದಲ್ಲಿ ಸ್ಪಷ್ಟ ರೂಪ ತಳೆದದ್ದು 1970 ಮತ್ತು 1980ರ ದಶಕಗಳಲ್ಲಿ. ಅದರ ಪ್ರಾತಿನಿಧಿಕ ಕೃತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985). ಆದರೆ ಮಣ್ಣಿಗೂ ಹೆಣಕ್ಕೂ ಇರುವ ನಂಟನ್ನು ಕನ್ನಡ ಬರವಣಿಗೆ ಇದಕ್ಕಿಂತ ಎಷ್ಟೋ ಶತಮಾನ ಮೊದಲೇ ಗುರುತಿಸಿತ್ತು. ಶಾಸನ, ಕಂದಾಯ ದಾಖಲೆ, ಸಣ್ಣಾಟ, ಕಾದಂಬರಿ, ಸಿನಿಮಾಗಳ ಹಾದಿಯಲ್ಲಿ ಈ ಕಥನ ಬೆಳೆದು ಬಂದ ಬಗೆಯನ್ನು ಇಲ್ಲಿ ಕಾಲಕ್ರಮದಲ್ಲಿ ಪರಿಶೀಲಿಸಲಾಗಿದೆ. ಪಶ್ಚಿಮದ ಪತ್ತೇದಾರಿ ಕಥೆ ಸಾಮಾನ್ಯವಾಗಿ ಕೊಲೆಗಾರನ ಹೆಸರು ಹೊರಬಿದ್ದಾಗ ಮುಗಿಯುತ್ತದೆ. ಕನ್ನಡದ ಹಳ್ಳಿಯ ರಹಸ್ಯಕಥನ ಕೊಲೆಗೆ ಆಸ್ಪದ ಕೊಟ್ಟ ವ್ಯವಸ್ಥೆಯನ್ನೇ ಹುಡುಕುತ್ತ ಹೋಗುತ್ತದೆ.

ಬಸ್ತಿಹಳ್ಳಿಯ ಶಾಸನ ಮತ್ತು ಶಾಪಾಶಯ

ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥರ ಮೂರು ಬಸದಿಗಳಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಯುದ್ಧದ ಗೆಲುವು ಮತ್ತು ಮಗನ ಹುಟ್ಟು ಒಟ್ಟಿಗೇ ಒದಗಿದ ಸಂತೋಷದಲ್ಲಿ ವಿಷ್ಣುವರ್ಧನನು ಇಲ್ಲಿಯ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟು, ಬಸದಿಗೆ ದತ್ತಿ ಬಿಟ್ಟ ಸಂಗತಿಯನ್ನು ಇಲ್ಲಿಯ ಶಾಸನ ಹೇಳುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಈ ಸೀಮೆಯ ಇಂಥ ನೂರಾರು ದಾಖಲೆಗಳನ್ನು ಬೆಳಕಿಗೆ ತಂದಿತು.

ಹೊಯ್ಸಳರ ಕಾಲದ ದಾನಶಾಸನಕ್ಕೆ ಒಂದು ಗೊತ್ತಾದ ವಿನ್ಯಾಸವಿದೆ. ದಾನಿಯ ಹೊಗಳಿಕೆ, ದತ್ತಿಯ ವಿವರ, ಹಳ್ಳ ಮರ ಕಲ್ಲುಗಳ ಗುರುತಿನಿಂದ ಹೇಳಿದ ನಾಲ್ಕು ದಿಕ್ಕಿನ ಎಲ್ಲೆ, ಕೊನೆಗೆ ಶಾಪಾಶಯ. ದತ್ತಿಯ ಭೂಮಿಯನ್ನು ಕಸಿದವನಿಗೆ ಗಂಗೆಯ ತಡಿಯಲ್ಲೋ ವಾರಣಾಸಿಯಲ್ಲೋ ಕವಿಲೆಯನ್ನೂ ವೇದ ಬಲ್ಲವರನ್ನೂ ಕೊಂದ ಪಾಪ ತಟ್ಟುತ್ತದೆ ಎಂಬುದು ಅದರ ಸಾಮಾನ್ಯ ಒಕ್ಕಣೆ. ಭೂಕಬಳಿಕೆಯನ್ನು ಶಾಸನಕಾರರು ಕಳ್ಳತನದ ಸಾಲಿನಲ್ಲಿ ನಿಲ್ಲಿಸಲಿಲ್ಲ, ಕೊಲೆಯ ಸಾಲಿನಲ್ಲಿ ನಿಲ್ಲಿಸಿದರು. ಎಲ್ಲೆಕಲ್ಲು ಕಿತ್ತವನನ್ನು ಹಿಡಿಯಲು ಅರಸನ ಕೈ ಎಲ್ಲ ಕಡೆಗೂ ಚಾಚದಿದ್ದ ಕಾಲದಲ್ಲಿ ಪಾಪದ ಭಯವೇ ದಾಖಲೆಯ ಕಾವಲಾಗಿತ್ತು.

ಹಾಗಿದ್ದೂ ಭಯ ಎಲ್ಲರನ್ನೂ ತಡೆಯಲಿಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು. ಈ ಬಗ್ಗೆ ಅವರಿಗೂ ರೈಸ್ ಅವರಿಗೂ ನಡೆದ ವಾಗ್ವಾದ ಪ್ರಸಿದ್ಧ. ಅರಸನ ಹೆಸರಿನಲ್ಲಿ ದಾನಪತ್ರ ಸೃಷ್ಟಿಸಿ ಹಕ್ಕು ಸಾಧಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ.

ಹಿಂಸೆಯಿಂದಾದ ಸಾವುಗಳ ದಾಖಲೆ ವೀರಗಲ್ಲುಗಳಲ್ಲಿದೆ. ತುರುಗಾಳಗ, ಊರಳಿವು, ಗಡಿಯ ಜಗಳಗಳಲ್ಲಿ ಮಡಿದವರ ಹೆಸರನ್ನು ಇವು ಹೇಳುತ್ತವೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲಗದ್ದೆ ಬಿಟ್ಟ ಉಲ್ಲೇಖಗಳೂ ಸಿಗುತ್ತವೆ. ಇಲ್ಲಿ ಸಾವು ಬಹಿರಂಗ, ಕಾರಣವೂ ಬಹಿರಂಗ. ಊರ ನಡುವೆ ನಿಂತ ಕಲ್ಲಿನಲ್ಲಿ ರಹಸ್ಯಕ್ಕೆ ಎಡೆಯಿರಲಿಲ್ಲ. ಸಾವು ರಹಸ್ಯವಾಗಲು ಹಕ್ಕಿನ ದಾಖಲೆ ಜನರ ಕಣ್ಣಿನಿಂದ ಮರೆಯಾಗಬೇಕಾಯಿತು.

ಶಾನುಭೋಗ ಮತ್ತು ಪಟೇಲ

ಮೈಸೂರಿನ ಆಡಳಿತ 1831ರಲ್ಲಿ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ಮುಂಬಯಿ ಮಾದರಿಯ ಸರ್ವೆ ಮತ್ತು ಕಂದಾಯ ನಿಗದಿ 1863ರಿಂದ ಆರಂಭವಾಯಿತು. ಪ್ರತಿಯೊಂದು ಹೊಲಕ್ಕೂ ನಂಬರು, ನಕ್ಷೆ, ವಿಸ್ತೀರ್ಣ, ತರದ ಲೆಕ್ಕ ಬಂತು. ಕಲ್ಲಿನ ಮೇಲೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಹಕ್ಕು ಶಾನುಭೋಗರ ಕಡತದೊಳಗೆ ಸೇರಿತು. ಅಕ್ಷರ ಬಾರದ ರೈತನಿಗೆ ತನ್ನ ಹೊಲ ಯಾರ ಹೆಸರಿನಲ್ಲಿದೆ ಎಂಬುದು ಶಾನುಭೋಗರ ಬಾಯಿಂದ ಮಾತ್ರ ತಿಳಿಯುವಂತಾಯಿತು.

ಕಂದಾಯ ವಸೂಲಿಗೂ ಊರಿನ ಶಾಂತಿಪಾಲನೆಗೂ ಪಟೇಲನೇ ಹೊಣೆ. ಅನುಮಾನಾಸ್ಪದ ಸಾವು ಕಂಡರೆ ಪೊಲೀಸರಿಗೆ ವರದಿ ಮಾಡುವ ಕರ್ತವ್ಯವನ್ನು ದಂಡ ಪ್ರಕ್ರಿಯಾ ಸಂಹಿತೆ ಗ್ರಾಮದ ಅಧಿಕಾರಿಗಳ ಮೇಲೆ ಹೊರಿಸಿತ್ತು. ಹೆಣದ ಪಂಚನಾಮೆಗೆ ಸಹಿ ಹಾಕುವ ಪಂಚರು ಅದೇ ಊರಿನ ಗಣ್ಯರು, ಅಂದರೆ ಸಾಮಾನ್ಯವಾಗಿ ಜಮೀನಿದ್ದವರು. ಹೀಗೆ ನೆಲದ ದಾಖಲೆಯೂ ಸಾವಿನ ದಾಖಲೆಯೂ ಒಂದೇ ಸಣ್ಣ ಗುಂಪಿನ ಕೈಯಲ್ಲಿ ಉಳಿದವು. ಹಳ್ಳಿಯ ಕೊಲೆ ರಹಸ್ಯವಾಗಿ ಉಳಿಯುವುದಕ್ಕೆ ಬೇಕಾದ ಸಾಮಾಜಿಕ ಏರ್ಪಾಡು ಇದೇ. ಮುಂದಿನ ಕಾದಂಬರಿಕಾರರು ಬಗೆದು ನೋಡಿದ್ದೂ ಇದನ್ನೇ.

ಸಣ್ಣಾಟದಿಂದ ಪತ್ತೇದಾರಿಗೆ

ನಡೆದ ಕೊಲೆಯೊಂದನ್ನು ಕಥನವಾಗಿಸಿದ ಪ್ರಸಿದ್ಧ ಜನಪದ ಉದಾಹರಣೆ ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟ. ಹೆಣ್ಣಿನ ಮೋಹ ಮತ್ತು ಗೆಳೆಯನ ದ್ರೋಹದಿಂದ ಹುಟ್ಟುವ ಈ ಕೊಲೆಯಲ್ಲಿ ಪ್ರೇಕ್ಷಕರಿಗೆ ಎಲ್ಲವೂ ಮೊದಲೇ ಗೊತ್ತು. ಆಟದ ಶಕ್ತಿಯಿರುವುದು ತಿಳಿದ ಅಂತ್ಯದತ್ತ ಸಾಗುವ ನಡೆಯಲ್ಲಿ. ಭೂಮಿ ಇಲ್ಲಿ ವಸ್ತುವಲ್ಲ.

ಪತ್ತೇದಾರಿ ಕಾದಂಬರಿ ಜನಪ್ರಿಯ ಪ್ರಕಾರವಾದದ್ದು 20ನೆಯ ಶತಮಾನದ ನಡುಭಾಗದಲ್ಲಿ. ಚಿಕ್ಕಮಗಳೂರು ಸೀಮೆಯ ಎನ್. ನರಸಿಂಹಯ್ಯ ಹೆಚ್ಚು ಶಾಲೆ ಕಾಣದಿದ್ದರೂ ‘ಪತ್ತೇದಾರ ಪುರುಷೋತ್ತಮ’ನಿಂದ ತೊಡಗಿ ನೂರಾರು ಕಾದಂಬರಿಗಳನ್ನು ಬರೆದರು. ಕನ್ನಡ ಬಾವುಟದ ರೂವಾರಿ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ಹೆಸರು ಮಾಡಿದರು. ಅಗ್ಗದ ಬೆಲೆಯ ಈ ಪುಸ್ತಕಗಳು ಓದಿನ ಹವ್ಯಾಸವನ್ನು ಸಾಮಾನ್ಯರ ಮನೆಗೆ ಮುಟ್ಟಿಸಿದವು. ಈ ಉಪಕಾರವನ್ನು ಸಾಹಿತ್ಯ ಚರಿತ್ರೆ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಆದರೆ ಇವುಗಳ ಜಗತ್ತು ಹೆಚ್ಚಾಗಿ ಪಟ್ಟಣದ್ದು. ಜಾಣ ಪತ್ತೇದಾರ ಬಂದ, ಸುಳಿವು ಕೂಡಿಸಿದ, ಅಪರಾಧಿಯನ್ನು ಹಿಡಿದ ಎಂಬಲ್ಲಿಗೆ ನ್ಯಾಯ ನೆರವೇರುತ್ತದೆ.

ಹಳ್ಳಿಯ ಅಧಿಕಾರದ ಕಥನ ಬೇರೆ ದಾರಿಯಲ್ಲಿ ಬೆಳೆಯಿತು. ರಾವಬಹಾದ್ದೂರರ ‘ಗ್ರಾಮಾಯಣ’ (1957) ಪಾದಳ್ಳಿಯೆಂಬ ಊರು ಮುಖಂಡರ ಪೈಪೋಟಿಯಲ್ಲಿ ಹಾಳಾಗುವ ಪರಿಯನ್ನು ವಿಸ್ತಾರವಾಗಿ ಚಿತ್ರಿಸಿತು. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಎರಡು ಊರುಗಳ ಹಗೆಯನ್ನೂ ಅದರ ಹಿಂಸೆಯನ್ನೂ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಕಂಡಿತು. 1973ರಲ್ಲಿ ಗಿರೀಶ ಕಾರ್ನಾಡರು ಅದನ್ನು ಸಿನಿಮಾ ಮಾಡಿದರು. ಹುಡುಗನಿಗೆ ಕಾಣುವುದು ಭಯ ಮಾತ್ರ, ಕಾರಣ ದೊಡ್ಡವರ ಲೋಕದಲ್ಲಿ ಮುಚ್ಚಿಕೊಂಡಿದೆ. ಈ ಅರೆತಿಳಿವೇ ಮುಂದಿನ ರಹಸ್ಯಕಥನಕ್ಕೆ ತಳಹದಿಯಾಯಿತು.

ಭೂಸುಧಾರಣೆಯ ಕಾಲ

ಗ್ರಾಮಾಧಿಕಾರಿಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸರ್ಕಾರಿ ಗ್ರಾಮ ಲೆಕ್ಕಿಗರು ಬಂದರು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯುವ ವ್ಯವಸ್ಥೆ ಬಂತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಲಕ್ಷಾಂತರ ಗೇಣಿದಾರರು ಒಡೆಯರಾದದ್ದು ಕರ್ನಾಟಕದ ಗ್ರಾಮಜೀವನದ ಬಹುದೊಡ್ಡ ಬದಲಾವಣೆ. ಅದೇ ಹೊತ್ತಿಗೆ ಪಹಣಿಯ ಸಾಗುವಳಿ ಕಾಲಂನಲ್ಲಿ ಯಾರ ಹೆಸರಿದೆ ಎಂಬ ಒಂದು ಸಾಲು ಮನೆತನಗಳ ಹಣೆಬರಹ ನಿರ್ಧರಿಸತೊಡಗಿತು. ಮಲೆನಾಡಿನಲ್ಲಿ ಕಾಫಿ ಮತ್ತು ಏಲಕ್ಕಿಯ ಬೆಲೆ, ಅರಣ್ಯದ ಒತ್ತುವರಿ, ಮರದ ಕಳ್ಳಸಾಗಣೆಗಳು ಇದರ ಜೊತೆ ಸೇರಿಕೊಂಡವು. ಲೋಕಾಯುಕ್ತ ಕಾಯ್ದೆ 1984ರಲ್ಲಿ ಬಂದದ್ದು, ಭ್ರಷ್ಟಾಚಾರ ಆ ಹೊತ್ತಿಗೆ ಸಾರ್ವಜನಿಕ ಚಿಂತೆಯಾಗಿತ್ತು ಎಂಬುದಕ್ಕೆ ಸಾಕ್ಷಿ.

ತೇಜಸ್ವಿಯವರ ಮೂಡಿಗೆರೆ

ಬೇಲೂರು ತಾಲ್ಲೂಕಿಗೆ ತಾಗಿಕೊಂಡಿರುವ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿ (1938–2007) ಈ ಬದಲಾವಣೆಯನ್ನು ಹತ್ತಿರದಿಂದ ಕಂಡರು. ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಎರಡು ಕಥೆಗಳು ಇಲ್ಲಿ ಮುಖ್ಯ. ‘ಕುಬಿ ಮತ್ತು ಇಯಾಲ’ದಲ್ಲಿ ಹಳ್ಳಿಗೆ ಬಂದ ವೈದ್ಯ ಕುಬಿ, ಇಯಾಲ ಎಂಬ ಹುಡುಗಿಯ ಸಾವಿನ ನಿಜವನ್ನು ಹುಡುಕಲು ಹೊರಟು ಊರಿನ ಮೌನಕ್ಕೆ ಎದುರಾಗುತ್ತಾನೆ. ‘ತಬರನ ಕಥೆ’ಯಲ್ಲಿ ಕೊಲೆಯಿಲ್ಲ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲು ಮಾಡಲಾಗದ ಜವಾನನ ಪಿಂಚಣಿ ಕಡತದಲ್ಲಿ ಸಿಕ್ಕಿಕೊಳ್ಳುತ್ತದೆ, ಅವನ ಹೆಂಡತಿ ಚಿಕಿತ್ಸೆಯಿಲ್ಲದೆ ಸಾಯುತ್ತಾಳೆ. ಆ ಸಾವಿಗೆ ಹೊಣೆಗಾರರುಂಟು, ಆದರೆ ಯಾವ ಪಂಚನಾಮೆಯೂ ಅವರ ಹೆಸರು ಬರೆಯಲಾರದು. ಗಿರೀಶ ಕಾಸರವಳ್ಳಿ ಇದನ್ನು ಚಿತ್ರಕ್ಕೆ ಅಳವಡಿಸಿದರು. ಅದು ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಈ ಎರಡು ಎಳೆಗಳು ಕೂಡಿದ್ದು ‘ಚಿದಂಬರ ರಹಸ್ಯ’ದಲ್ಲಿ. ಕೆಸರೂರಿನ ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವು ಅನುಮಾನಕ್ಕೆ ಎಡೆಮಾಡುತ್ತದೆ. ಗುಪ್ತಚರ ಇಲಾಖೆಯ ಶಾಮನಂದನ ಅಂಗಡಿ ಅದರ ತನಿಖೆಗೆ ಬರುತ್ತಾನೆ. ಏಲಕ್ಕಿ ಇಳುವರಿಯ ಕುಸಿತ, ಮರಗಳ್ಳರ ವ್ಯವಹಾರ, ಕೃಷ್ಣೇಗೌಡನ ಮನೆಯ ಮೇಲೆ ಬೀಳುವ ಕಲ್ಲು, ಜಾತಿ ಮತಗಳ ರಾಜಕೀಯ, ಕಾಲೇಜು ಹುಡುಗರ ಕ್ರಾಂತಿಯ ಕನಸು, ರಫಿ ಮತ್ತು ಜಯಂತಿಯರ ಪ್ರೇಮ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ತನಿಖೆ ಮುಂದುವರಿದಂತೆ ಅಪರಾಧಿಯ ಗುರುತು ಗಟ್ಟಿಯಾಗುವುದಿಲ್ಲ, ಅಪರಾಧದ ವ್ಯಾಪ್ತಿ ಹಿಗ್ಗುತ್ತದೆ. ಊರನ್ನೇ ಸುತ್ತುವರಿಯುವ ಬೆಂಕಿಯಲ್ಲಿ ಕೃತಿ ಮುಗಿಯುವಾಗ, ಒಬ್ಬನ ಸಾವಿನ ಶೋಧ ಇಡೀ ಸಮಾಜದ ರೋಗಪರೀಕ್ಷೆಯಾಗಿ ಮಾರ್ಪಟ್ಟಿರುತ್ತದೆ. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಚೌಕಟ್ಟು ಗಂಭೀರ ಸಾಹಿತ್ಯಕ್ಕೆ ಹೊರಗಿನದು ಎಂಬ ಗೆರೆ ಅಲ್ಲಿಗೆ ಅಳಿಸಿತು. ಮುಂದೆ ‘ಜುಗಾರಿ ಕ್ರಾಸ್’ನಲ್ಲಿ ತೇಜಸ್ವಿ ಇದೇ ಚೌಕಟ್ಟನ್ನು ಏಲಕ್ಕಿ ವ್ಯಾಪಾರ ಮತ್ತು ಕಾಡಿನ ಕಳ್ಳಸಾಗಣೆಯ ಜಾಲಕ್ಕೆ ವಿಸ್ತರಿಸಿದರು.

ಪಹಣಿಯ ಗಣಕೀಕರಣದ ನಂತರ

‘ಭೂಮಿ’ ಯೋಜನೆಯಡಿ 2000ದ ಸುಮಾರಿಗೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ದಾಖಲೆ ತಿದ್ದುವ ದಾರಿ ಮುಚ್ಚಿತು, ಪಹಣಿ ಯಾರಿಗೂ ಸಿಗುವಂತಾಯಿತು. ಆದರೆ ನಿವೇಶನದ ಬೆಲೆ ಏರಿದಂತೆ ಭೂಮಿಯ ಮೇಲಿನ ಕಣ್ಣು ಇನ್ನಷ್ಟು ಹಿಗ್ಗಿತು. ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆಳೆಯಿತು. ಭೂಕಬಳಿಕೆ ನಿಷೇಧಕ್ಕಾಗಿ 2011ರ ಕಾಯ್ದೆ ಬಂದು ವಿಶೇಷ ನ್ಯಾಯಾಲಯ ಸ್ಥಾಪನೆಯಾಯಿತು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ 2020ರ ಜುಲೈಯಲ್ಲಿ ವಿವಾದಿತ ಜಮೀನಿನ ಸರ್ವೆಗೆ ಹೋದ ತಹಶೀಲ್ದಾರರು ಸ್ಥಳದಲ್ಲೇ ಇರಿತಕ್ಕೊಳಗಾಗಿ ಪ್ರಾಣ ಕಳೆದುಕೊಂಡರು. ಸರ್ವೆಯ ಸರಪಳಿ ಈಗಲೂ ಜೀವಕ್ಕೆ ಎರವಾಗಬಲ್ಲದು ಎಂಬುದಕ್ಕೆ ಈ ಘಟನೆ ನೋವಿನ ನಿದರ್ಶನ.

ಕಥನವೂ ಈ ಹೊಸ ಸ್ಥಿತಿಗೆ ಸ್ಪಂದಿಸಿದೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ತೆಗೆದ, ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಚಿತ್ರದಲ್ಲಿ ಮಗನೊಬ್ಬ ಐದು ಎಕರೆ ಜಮೀನು ಮಾರಲು ಬದುಕಿರುವ ತಂದೆಯ ಹೆಸರಿನಲ್ಲಿ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಲಂಚ ಕೊಟ್ಟು ಕಾಗದದ ಮೇಲೆ ನಡೆಯುವ ಈ ಕೊಲೆಯಲ್ಲಿ ಹೆಣವೇ ಇಲ್ಲ. ಚಿತ್ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಉಪಸಂಹಾರ

ಶಾಪಾಶಯದ ಕಾಲದಲ್ಲಿ ಭೂಮಿ ಕಸಿಯುವುದು ಕೊಲೆಗೆ ಸಮಾನವಾದ ಪಾಪವಾಗಿತ್ತು. ಕಡತದ ಕಾಲದಲ್ಲಿ ಅದು ಕೊಲೆಯ ಹೇತುವಾಯಿತು. ‘ತಿಥಿ’ಯ ಕಾಲಕ್ಕೆ ದಾಖಲೆಯೇ ಕೊಲೆಯ ಸಾಧನವಾಗಿದೆ. ಈ ಕಥನದ ಅತ್ಯುತ್ತಮ ಕೃತಿಗಳು ಅಪರಾಧಿಯ ಕೈಗೆ ಕೋಳ ತೊಡಿಸಿ ಮುಗಿಯದಿರುವುದು ಕಲೆಯ ಕೊರತೆಯಿಂದ ಅಲ್ಲ. ಪಂಚನಾಮೆ ಬರೆಯುವವರೂ ಪಹಣಿ ತಿದ್ದುವವರೂ ಒಂದೇ ವಲಯದವರಾಗಿರುವ ತನಕ ಹಳ್ಳಿಯ ಕೊಲೆಗೆ ಒಬ್ಬನೇ ಅಪರಾಧಿ ಇರಲಾರ ಎಂಬ ತಿಳಿವಿನಿಂದ. ಕನ್ನಡದ ಪತ್ತೇದಾರಿ ಕಥನದ ಚರಿತ್ರೆಯನ್ನು ಭೂಸುಧಾರಣೆ ಮತ್ತು ಕಂದಾಯ ಆಡಳಿತದ ಚರಿತ್ರೆಯ ಜೊತೆಗಿಟ್ಟು ಬರೆಯುವ ಕೆಲಸ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಇನ್ನಾದರೂ ನಡೆಯಬೇಕು.