ತೆಗೆದ ಮೇಲೆ ಫೋಕಸ್: ಲೈಟ್ ಫೀಲ್ಡ್ ಕ್ಯಾಮೆರಾದ ಚಿತ್ರ ಎಷ್ಟು ಸ್ಪಷ್ಟ?

ಧಾರೆ ಎರೆಯುವ ಗಳಿಗೆ ಮತ್ತೆ ಬರುವುದಿಲ್ಲ. ಆ ಹೊತ್ತಿಗೆ ಕ್ಯಾಮೆರಾದ ಫೋಕಸ್ ವಧೂವರರ ಮುಖ ಬಿಟ್ಟು ಹಿಂದಿನ ಬಾಳೆಕಂಬದ ಮೇಲೆ ಕೂತಿದ್ದರೆ ಫೋಟೋ ಕೆಟ್ಟಂತೆಯೇ ಲೆಕ್ಕ. ಇಂಥ ತಪ್ಪನ್ನು ಫೋಟೋ ತೆಗೆದ ಮೇಲೂ ತಿದ್ದಬಹುದು ಎಂಬ ಭರವಸೆ ಹೊತ್ತು ಬಂದದ್ದು ಲೈಟ್ ಫೀಲ್ಡ್ ಕ್ಯಾಮೆರಾ. ಭರವಸೆ ಸುಳ್ಳಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆ ಚಿತ್ರದ ಸ್ಪಷ್ಟತೆ.

ನೂರು ವರ್ಷಕ್ಕೂ ಹಳೆಯ ವಿಚಾರ

ಇದರ ಮೂಲ ಕಲ್ಪನೆ ಫ್ರಾನ್ಸಿನ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ ಅವರದು. ಬಣ್ಣದ ಛಾಯಾಚಿತ್ರ ವಿಧಾನಕ್ಕಾಗಿ 1908ರಲ್ಲಿ ನೊಬೆಲ್ ಪಡೆದ ಅವರು, ಅದೇ ವರ್ಷ ನೊಣದ ಕಣ್ಣಿನಂತೆ ಪುಟ್ಟ ಪುಟ್ಟ ಮಸೂರಗಳ ಹಾಳೆಯ ಮೂಲಕ ಚಿತ್ರ ತೆಗೆಯುವ ವಿಧಾನವನ್ನು ಮುಂದಿಟ್ಟರು. 1992ರಲ್ಲಿ ಅಮೆರಿಕದ ಎಡೆಲ್ಸನ್ ಮತ್ತು ವಾಂಗ್ ಈ ಬಗೆಯ ಕ್ಯಾಮೆರಾವನ್ನು ವಿವರಿಸಿದರು. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೆನ್ ಇಂಗ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿಯುವ ಮಾದರಿಯನ್ನು ಸಿದ್ಧಪಡಿಸಿದರು. ಅವರೇ ಹುಟ್ಟುಹಾಕಿದ ಲೈಟ್ರೋ ಕಂಪನಿಯ ಮೊದಲ ಕ್ಯಾಮೆರಾ 2012ರಲ್ಲಿ ಗ್ರಾಹಕರ ಕೈಸೇರಿತು. ಬೆಲೆ 399 ಡಾಲರ್‌ನಿಂದ ಶುರು.

ಕೆಲಸ ಮಾಡುವ ಬಗೆ

ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮೇಲಿರುವ ಒಂದೊಂದು ಚುಕ್ಕೆಯೂ, ಅಂದರೆ ಪಿಕ್ಸೆಲ್, ಲೆನ್ಸಿನ ಎಲ್ಲ ಭಾಗಗಳಿಂದ ತನ್ನ ಮೇಲೆ ಬಿದ್ದ ಬೆಳಕನ್ನು ಒಟ್ಟು ಮಾಡಿ ದಾಖಲಿಸುತ್ತದೆ. ಹತ್ತು ಮನೆಯ ಹಾಲನ್ನು ಡೇರಿಯ ಒಂದೇ ಕ್ಯಾನಿಗೆ ಸುರಿದಂತೆ. ಬೆರೆತ ಮೇಲೆ ಯಾವುದು ಯಾರ ಮನೆಯ ಹಾಲೆಂದು ಹೇಳಲಾಗದು.

ಲೈಟ್ ಫೀಲ್ಡ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆ ಸಾವಿರಾರು ಕಿರುಮಸೂರಗಳ ತೆಳು ಹಾಳೆ ಇರುತ್ತದೆ. ಒಂದು ಕಿರುಮಸೂರದ ಮೇಲೆ ಬಿದ್ದ ಬೆಳಕು ಬಂದ ದಿಕ್ಕಿಗೆ ತಕ್ಕಂತೆ ಬೇರೆ ಬೇರೆಯಾಗಿ ಹಿಂದಿನ ಪಿಕ್ಸೆಲ್‌ಗಳಿಗೆ ಹೋಗುತ್ತದೆ. ಅಂದರೆ ಪ್ರತಿ ಮನೆಯ ಹಾಲೂ ಬೇರೆ ಬೇರೆ ಚೊಂಬಿನಲ್ಲಿ ಉಳಿಯುತ್ತದೆ. ಅವನ್ನು ಯಾವ ಲೆಕ್ಕದಲ್ಲಿ ಕೂಡಿಸಬೇಕೆಂಬುದನ್ನು ಕಂಪ್ಯೂಟರ್ ನಂತರ ತೀರ್ಮಾನಿಸುತ್ತದೆ. ಒಂದು ಲೆಕ್ಕದಲ್ಲಿ ಕೂಡಿಸಿದರೆ ಮುಂದಿನ ಮುಖ ಸ್ಪಷ್ಟ, ಇನ್ನೊಂದರಲ್ಲಿ ಹಿಂದಿನ ಕಂಬ ಸ್ಪಷ್ಟ.

ಸ್ಪಷ್ಟತೆ ಎಲ್ಲಿ ಹೋಯಿತು?

ಚೊಂಬುಗಳು ಬೇಕು, ಇರುವ ಜಾಗ ಅಷ್ಟೇ. ಒಂದು ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಂತೆ ಪಿಕ್ಸೆಲ್‌ಗಳು ದಿಕ್ಕುಗಳ ನಡುವೆ ಪಾಲಾಗುತ್ತವೆ.

ಸ್ಟ್ಯಾನ್‌ಫರ್ಡ್ ಮಾದರಿಯ ಲೆಕ್ಕ ನೋಡಿ. ಅದರ ಸೆನ್ಸರ್ 16 ಮೆಗಾಪಿಕ್ಸೆಲ್‌ನದು, ಅಂದರೆ 1 ಕೋಟಿ 60 ಲಕ್ಷ ಚುಕ್ಕೆ. ಕಿರುಮಸೂರಗಳು 296 ಸಾಲು, ಸಾಲಿಗೆ 296. ಒಂದೊಂದರ ಅಗಲ ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ಹಿಂದೆ ಉದ್ದಕ್ಕೂ ಅಡ್ಡಕ್ಕೂ ಸುಮಾರು 14 ಪಿಕ್ಸೆಲ್. ಕೊನೆಗೆ ಸಿಗುವ ಚಿತ್ರದಲ್ಲಿ 296 x 296, ಅಂದರೆ 87,616 ಚುಕ್ಕೆ ಮಾತ್ರ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಎಂದು ಹಿಡಿದರೆ ಇದು ಪಾಸ್‌ಪೋರ್ಟ್ ಅಳತೆಯ ಫೋಟೋಗೂ ಸಾಲದು.

ಲೈಟ್ರೋದ ಮೊದಲ ಕ್ಯಾಮೆರಾ 1 ಕೋಟಿ 10 ಲಕ್ಷ ಕಿರಣಗಳನ್ನು ಹಿಡಿಯುತ್ತಿತ್ತು. ಕೊಡುತ್ತಿದ್ದ ಚಿತ್ರ 1080 x 1080 ಚುಕ್ಕೆಯದು. ಮುದ್ರಿಸಿದರೆ ಬದಿಗೆ 3.6 ಅಂಗುಲ. ಸ್ಟುಡಿಯೋದಲ್ಲಿ ಎಲ್ಲರೂ ಹಾಕಿಸುವ 4 x 6 ಅಂಗುಲದ ಪ್ರಿಂಟಿಗೆ 1200 x 1800 ಚುಕ್ಕೆ ಬೇಕು. 2011ರ ಐಫೋನ್ 4ಎಸ್‌ನಲ್ಲೇ 8 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತೆಂಬುದನ್ನು ನೆನೆದರೆ ಕೊಂಡವರ ನಿರಾಸೆ ಅರ್ಥವಾಗುತ್ತದೆ. 2014ರ ಲೈಟ್ರೋ ಇಲಮ್ 4 ಕೋಟಿ ಕಿರಣ ಹಿಡಿದರೂ ಕೊಟ್ಟದ್ದು ಸುಮಾರು 40 ಲಕ್ಷ ಚುಕ್ಕೆಯ ಚಿತ್ರ, ಹತ್ತರಲ್ಲಿ ಒಂದು ಪಾಲು.

ಉಳಿದ ಮಿತಿಗಳು

* ಫೋಕಸ್ ಬದಲಿಸುವುದಕ್ಕೂ ಎಲ್ಲೆ ಇದೆ. ಕಿರುಮಸೂರದ ಹಿಂದೆ ಒಂದು ಸಾಲಿನಲ್ಲಿ ಎಷ್ಟು ಪಿಕ್ಸೆಲ್ ಇವೆಯೋ ಹೆಚ್ಚುಕಡಿಮೆ ಅಷ್ಟು ಪಟ್ಟು ಮಾತ್ರ ಫೋಕಸ್ ಅವಕಾಶ ಹಿಗ್ಗುತ್ತದೆ. ಆ ವ್ಯಾಪ್ತಿಯ ಆಚೆಗಿನದು ಮಸುಕಾಗಿಯೇ ಉಳಿಯುತ್ತದೆ. ವ್ಯಾಪ್ತಿ ಹಿಗ್ಗಿಸಲು ಪಾಲು ಹೆಚ್ಚಿಸಿದರೆ ಚಿತ್ರ ಇನ್ನೂ ಕಿರಿದಾಗುತ್ತದೆ.

* ದೂರದ ದೃಶ್ಯಕ್ಕೆ ಉಪಯೋಗವಿಲ್ಲ. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜರುಗಿದಂತೆ ಕಾಣುತ್ತದೆ, ದೂರದ ಗುಡ್ಡ ಜರುಗುವುದಿಲ್ಲ. ಈ ಕ್ಯಾಮೆರಾಕ್ಕೆ ಸಿಗುವ ಎರಡು 'ಕಣ್ಣಿನ' ಅಂತರ ಲೆನ್ಸಿನ ಬಾಯಿಯಷ್ಟೇ. ಹಾಗಾಗಿ ಹತ್ತಿರದ ವಸ್ತುಗಳಲ್ಲಷ್ಟೇ ಇದರ ಚಮತ್ಕಾರ.

* ಕೈ ನಡುಗಿದ್ದು, ಮಗು ಓಡಿದ್ದು ಸರಿಹೋಗುವುದಿಲ್ಲ. ಅದು ಫೋಕಸ್ ದೋಷವಲ್ಲ, ಚಲನೆಯ ದೋಷ.

* ಮುಖ್ಯ ಲೆನ್ಸಿನ ಬಾಯಿಯ ಅಳತೆಯೂ ಕಿರುಮಸೂರದ ಅಳತೆಯೂ ಹೊಂದಬೇಕು. ಇಲ್ಲದಿದ್ದರೆ ಪಕ್ಕದ ಬೆಳಕು ಒಂದರ ಮೇಲೊಂದು ಬೀಳುತ್ತದೆ, ಇಲ್ಲವೇ ಪಿಕ್ಸೆಲ್ ಖಾಲಿ ಉಳಿಯುತ್ತವೆ. ಆದ್ದರಿಂದಲೇ ಇಲಮ್‌ನಲ್ಲಿ ಬಾಯಿಯ ಅಳತೆ ಎಫ್/2ಕ್ಕೆ ಖಾಯಂ ಆಗಿತ್ತು.

* ಗಾಜು, ನೀರು, ಹೊಳೆಯುವ ಪಾತ್ರೆ, ಸುಣ್ಣ ಬಳಿದ ಬರೀ ಗೋಡೆ ಇವುಗಳ ದೂರ ಅಳೆಯುವಲ್ಲಿ ತಂತ್ರಾಂಶ ಎಡವುತ್ತದೆ.

ಪರಿಹಾರದ ಯತ್ನಗಳು

ಅಮೆರಿಕದ ಲಮ್ಸ್‌ಡೇನ್ ಮತ್ತು ಜಾರ್ಜೀವ್ ಕಿರುಮಸೂರಗಳ ಸ್ಥಾನ ಬದಲಿಸಿ, ದಿಕ್ಕಿನ ಮಾಹಿತಿ ಕಡಿಮೆ ಮಾಡಿ ಚಿತ್ರದ ವಿವರ ಹೆಚ್ಚಿಸುವ ದಾರಿ ತೋರಿಸಿದರು. ಇದೇ ದಾರಿಯ ಜರ್ಮನಿಯ ಕೀಲ್ ನಗರದ ರೇಟ್ರಿಕ್ಸ್ ಕಂಪನಿ ಮೂರು ಬಗೆಯ ಕಿರುಮಸೂರ ಬಳಸಿ, ಸೆನ್ಸರ್‌ನ ಕಾಲು ಭಾಗದವರೆಗಿನ ಸ್ಪಷ್ಟತೆ ಸಿಗುತ್ತದೆ ಎನ್ನುತ್ತದೆ. ಅದರ ಕ್ಯಾಮೆರಾಗಳು ಕಾರ್ಖಾನೆಯ ಅಳತೆ, ಪ್ರಯೋಗಾಲಯದ ಕೆಲಸಗಳಿಗೆ. ಅಲ್ಲಿ ಚಂದದ ಚಿತ್ರಕ್ಕಿಂತ ಆಳದ ಅಳತೆ ಮುಖ್ಯ. ಸೂಕ್ಷ್ಮದರ್ಶಕಗಳಲ್ಲೂ ಈ ತಂತ್ರ ಬಳಕೆಯಾಗಿದೆ.

ಮೊಬೈಲಿಗೂ ಇದರ ತುಣುಕೊಂದು ಬಂದಿದೆ. ಒಂದು ಕಿರುಮಸೂರದ ಕೆಳಗೆ ಎರಡೇ ಭಾಗ ಮಾಡುವ ಡ್ಯುಯಲ್ ಪಿಕ್ಸೆಲ್ ತಂತ್ರ 2013ರಲ್ಲಿ ಕ್ಯಾನನ್ 70ಡಿ ಕ್ಯಾಮೆರಾದಲ್ಲಿ ಬಂತು. 2017ರ ಗೂಗಲ್ ಪಿಕ್ಸೆಲ್ 2 ಫೋನ್ ಅದನ್ನೇ ಬಳಸಿ ಹಿನ್ನೆಲೆ ಮಸುಕು ಮಾಡಿತು. ಆದರೆ ಇಲ್ಲಿ ನಡೆಯುವುದು ಸ್ಪಷ್ಟವಾಗಿರುವುದನ್ನು ಮಸುಕಾಗಿಸುವ ಕೆಲಸ. ಮಸುಕಾಗಿ ಬಿದ್ದ ಮುಖವನ್ನು ಅದು ಮರಳಿ ಕೊಡುವುದಿಲ್ಲ.

ಕೊಳ್ಳುವವರು ಗಮನಿಸಬೇಕಾದದ್ದು

ಲೈಟ್ರೋ ತನ್ನ ಚಿತ್ರಗಳ ಅಂತರ್ಜಾಲ ಸೇವೆಯನ್ನು 2017ರ ನವೆಂಬರ್ ಕೊನೆಗೆ ನಿಲ್ಲಿಸಿತು. 2018ರ ಮಾರ್ಚ್‌ನಲ್ಲಿ ಕಂಪನಿಯೇ ಬಾಗಿಲು ಹಾಕುವುದಾಗಿ ತಿಳಿಸಿತು. ಮುಟ್ಟಿದರೆ ಫೋಕಸ್ ಬದಲಾಗುವ ಚಿತ್ರಗಳನ್ನು ಅಲ್ಲಿಗೆ ಏರಿಸಿ, ಅಲ್ಲಿಯೇ ನೋಡುತ್ತಿದ್ದವರಿಗೆ ಆ ಅನುಕೂಲ ಇಲ್ಲವಾಯಿತು.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಲೈಟ್ರೋ ಕೊಳ್ಳುವವರು, ಅದರ ತಂತ್ರಾಂಶ ತಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ತೆಗೆದ ಪ್ರತಿ ಚಿತ್ರದ ಒಂದು ಪ್ರತಿಯನ್ನು ಯಾವ ಫೋನಿನಲ್ಲೂ ತೆರೆಯುವ ಜೆಪೆಗ್ ರೂಪದಲ್ಲಿ ಇಡಬೇಕು, ಮುಖ್ಯವಾದದ್ದನ್ನು ಪ್ರಿಂಟ್ ಹಾಕಿಸಬೇಕು. ಕಲಿಕೆಗೆ, ಕುತೂಹಲಕ್ಕೆ ಇದು ಒಳ್ಳೆಯ ಯಂತ್ರ. ಮದುವೆ, ನಾಮಕರಣದ ಆಲ್ಬಮ್ಮಿಗೆ ಮಾತ್ರ ಫೋಕಸ್ ನೋಡಿ ತೆಗೆಯುವ ಸಾಧಾರಣ ಕ್ಯಾಮೆರಾವೇ ವಾಸಿ.